ಹಣ್ಣು ಕೆಂಪಾಗುವ ಮೊದಲು: ಸುಣ್ಣದಕಲ್ಲಿನ ಯಾವ ಊರಿಗೆ ಹತ್ತಲು ಹೋಗಬೇಕು?

ಕೊಡಗಿಗೆ ಸುಣ್ಣ ಬರುವುದು ಮೂಟೆಯಲ್ಲಿ. ತೋಟದ ಹುಳಿಮಣ್ಣಿಗೆ ಎರಚಲು ಒಂದಷ್ಟು, ಮೈಲುತುತ್ತದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಮೆಣಸಿನ ಬಳ್ಳಿಗೆ ಹೊಡೆಯಲು ಒಂದಷ್ಟು. ಸುಣ್ಣದಕಲ್ಲಿನ ಬಂಡೆ ಮಾತ್ರ ಇಲ್ಲಿ ಇಲ್ಲ. ನಮ್ಮ ಬೆಟ್ಟಗಳದ್ದು ನೈಸ್, ಗ್ರಾನೈಟ್, ಚಾರ್ನೊಕೈಟ್ ಜಾತಿಯ ಗಡಸು ಶಿಲೆ. ಅದೂ ವರ್ಷದ ಅರ್ಧಭಾಗ ಪಾಚಿ ಹೊದ್ದು ಕೂತಿರುತ್ತದೆ. ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದ ಸುಣ್ಣದಕಲ್ಲಿನ ಗೋಡೆಯಲ್ಲಿ ಎರಡು ವಾರ ನೆಮ್ಮದಿಯಾಗಿ ಹತ್ತಬೇಕು, ಸಂಜೆ ಸದ್ದುಗದ್ದಲವಿಲ್ಲದ ಹಳ್ಳಿಯಲ್ಲಿ ಉಣ್ಣಬೇಕು ಎಂಬ ಆಸೆಯಿರುವ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯವರು ಊರು ಬಿಡದೆ ಗತಿಯಿಲ್ಲ.

ಯಾವ ಊರು ಎಂದು ಕೇಳಿದರೆ ಹತ್ತುವವರೆಲ್ಲ ಬಂಡೆಯ ಕೀರ್ತಿಯಿಂದಲೇ ಮಾತು ಶುರುಮಾಡುತ್ತಾರೆ. ನಮಗೆ ಆ ಕ್ರಮ ಒಗ್ಗುವುದಿಲ್ಲ. ಮೆಡಿಟರೇನಿಯನ್ ತೀರವಿರಲಿ, ಆಗ್ನೇಯ ಏಷ್ಯಾ ಇರಲಿ, ಸುಣ್ಣದಕಲ್ಲು ಹತ್ತಲು ಹದವಾದ ಕಾಲ ಸುಮಾರಾಗಿ ಅಕ್ಟೋಬರ್‌ನಿಂದ ಏಪ್ರಿಲ್. ಅದರ ಬಹುಪಾಲು ತಿಂಗಳುಗಳಲ್ಲಿ ನಾವು ತೋಟ ಬಿಟ್ಟು ಅಲ್ಲಾಡುವಂತಿಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರು, ಮಧ್ಯೆ ಹುತ್ತರಿ, ಜನವರಿಯಿಂದ ರೋಬಸ್ಟಾ, ಅದರ ಹಿಂದೆಯೇ ಕರಿಮೆಣಸು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಿಡಿದು ರಾತ್ರಿಯೆಲ್ಲ ಓಡಾಟ. ಕಣದಲ್ಲಿ ಕಾಫಿ ಹರವಿರುವಾಗ ಗ್ರೀಸಿಗೆ ಹೊರಟೆ ಎಂದರೆ ಮನೆಯ ಹಿರಿಯರು ಏನನ್ನುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಮೊದಲು ತೋಟದ ಪಂಚಾಂಗ, ಆಮೇಲೆ ಬಂಡೆ. ಬಿಡುವು ಯಾವ ತಿಂಗಳಲ್ಲಿ ಎಂಬುದು ಖಚಿತವಾದರೆ ಊರಿನ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಆಗಿಬಿಡುತ್ತದೆ.

ಈ ಕಲ್ಲಿಗಾಗಿ ಅಷ್ಟು ದೂರ ಏಕೆ?

ಗ್ರಾನೈಟಿನಲ್ಲಿ ಕಲಿತವರಿಗೆ ಸುಣ್ಣದಕಲ್ಲು ಬೇರೆಯೇ ಲೋಕ. ರಾಮನಗರ, ಸಾವನದುರ್ಗಗಳ ಇಳಿಜಾರು ಬಂಡೆಯಲ್ಲಿ ಕಾಲಿನ ಮೇಲೆ ನಂಬಿಕೆಯಿಟ್ಟು ನಿಲ್ಲುವುದೇ ವಿದ್ಯೆ, ಕೈಗೆ ಹೆಚ್ಚು ಕೆಲಸವಿಲ್ಲ. ಸುಣ್ಣದಕಲ್ಲು ಮಳೆನೀರಿನ ಮೆಲು ಆಮ್ಲಕ್ಕೂ ಕರಗುವ ಕಲ್ಲು. ಕರಗಿದಲ್ಲಿ ಬೆರಳು ತೂರುವ ತೂತುಗಳು. ಕರಗಿದ ಸುಣ್ಣವನ್ನು ಹೊತ್ತ ನೀರು ಇಳಿದು ಮತ್ತೆ ಗಟ್ಟಿಯಾದಲ್ಲಿ ಗೋಡೆಯಿಂದ ಹೊರಚಾಚಿದ ಕಂಬ, ಏಣು, ಕೊಳವೆಗಳು. ಹತ್ತುವವರು ಇವನ್ನು ಟೂಫಾ ಎನ್ನುತ್ತಾರೆ. ಎರಡು ಅಂಗೈಗಳ ನಡುವೆ ಟೂಫಾವನ್ನು ಹಿಸುಕಿ ಹಿಡಿಯಬೇಕು. ಪಾದವನ್ನು ಕೆಳಗಿನ ಒಂದು ಉಬ್ಬಿನ ಮೇಲಿಟ್ಟು, ತೊಡೆಯ ತುದಿಯನ್ನು ಮೇಲಿನ ಇನ್ನೊಂದು ಉಬ್ಬಿಗೆ ಒತ್ತಿ ಮೊಣಕಾಲನ್ನು ಸಿಕ್ಕಿಸಿದರೆ ಮುಂಚಾಚಿದ ಗೋಡೆಯಲ್ಲೂ ಎರಡೂ ಕೈ ಬಿಟ್ಟು ಉಸಿರಾಡಬಹುದು. ಗ್ರಾನೈಟಿನಲ್ಲಿ ಈ ಸುಖ ಸಿಗುವುದಿಲ್ಲ.

ದೋಷಗಳೂ ಇವೆ. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕೂಡ ಸುಣ್ಣದಕಲ್ಲೇ. ಅಡುಗೆಮನೆಯ ಬಾಗಿಲಲ್ಲಿ ಕಾಲು ತುಳಿದು ತುಳಿದು ಅದು ಹೇಗೆ ನುಣುಪಾಗಿದೆಯೋ, ಹೆಸರುವಾಸಿ ಮಾರ್ಗಗಳ ಮೊದಲ ನಾಲ್ಕೈದು ಮೀಟರ್ ಹಾಗೇ ನುಣುಪಾಗಿರುತ್ತದೆ. ಜನ ಕಡಿಮೆ ಬರುವ ಊರನ್ನು ಆರಿಸಲು ಇದೂ ಒಂದು ಕಾರಣ. ಇನ್ನೊಂದು ದೋಷ ಸೋರಿಕೆ: ಮಳೆ ನಿಂತು ದಿನಗಳು ಕಳೆದರೂ ಟೂಫಾ ಒಳಗಿನಿಂದ ಜಿನುಗುತ್ತಲೇ ಇರುತ್ತದೆ.

ಮೊದಲು ಮನೆಯ ಹತ್ತಿರದ್ದು

‘ರೊಕ್ಕವಿದ್ದರೆ ಗೋಕರ್ಣ, ಸೊಕ್ಕಿದ್ದರೆ ಯಾಣ’ ಎಂಬ ಗಾದೆ ಗೊತ್ತಿದ್ದವರು ಯಾಣದ ಹೆಸರೆತ್ತುತ್ತಾರೆ. ಅಲ್ಲಿಯದು ಸುಣ್ಣದಕಲ್ಲೇ ಹೌದು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್. ಆದರೆ ಅದು ದೇವರ ಸ್ಥಳ, ಬಂಡೆಯಡಿಯಲ್ಲೇ ಪೂಜೆ ನಡೆಯುತ್ತದೆ. ಕೈಮುಗಿದು ಬರಬೇಕೇ ಹೊರತು ಹಗ್ಗ ಕಟ್ಟುವಂತಿಲ್ಲ. ಯಾಣದ ಮಾತು ಅಲ್ಲಿಗೆ ಮುಗಿಯಿತು.

ಬಾದಾಮಿ ಸುಣ್ಣದಕಲ್ಲಲ್ಲ, ಕೆಂಪು ಮರಳುಗಲ್ಲು. ಆದರೂ ಈ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ, ಏಕೆಂದರೆ ಬೋಲ್ಟಿನಿಂದ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾ ಮುಂದಾಳಾಗಿ ಹತ್ತುವ, ಅಂದರೆ ಲೀಡ್ ಮಾಡುವ ಅಭ್ಯಾಸಕ್ಕೆ ಕರ್ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಮಾತ್ರ ಹತ್ತಿದವರು ನೇರವಾಗಿ ವಿಮಾನವೇರುವುದು ನನಗೆ ಸರಿ ಕಾಣುವುದಿಲ್ಲ. ಒಂದು ವಾರಾಂತ್ಯ ಬಾದಾಮಿಯಲ್ಲಿ ಕಳೆದರೆ ನಿಮ್ಮ ನಿಜವಾದ ಗ್ರೇಡ್ (ಹತ್ತಬಲ್ಲ ಕಷ್ಟದ ಮಟ್ಟ) ಯಾವುದು, ಜೊತೆಗಾರ ಹಗ್ಗ ಹಿಡಿಯುವಾಗ ಮೊಬೈಲ್ ನೋಡುತ್ತಾನೆಯೇ, ಎರಡೂ ತಿಳಿಯುತ್ತವೆ. ಮಳೆ ಬಿದ್ದ ಮರುದಿನ ಮಾತ್ರ ಅಲ್ಲಿ ಹತ್ತಬೇಡಿ. ಒದ್ದೆ ಮರಳುಗಲ್ಲಿನ ಹಿಡಿತಗಳು ಕಿತ್ತು ಬರುತ್ತವೆ.

ಕಾವೇರಿ ಸಂಕ್ರಮಣದ ನಂತರದ ಬಿಡುವು

ಅಕ್ಟೋಬರ್ 17 ಅಥವಾ 18ಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಅದಾದ ಮೇಲೆ ಅರೇಬಿಕಾ ಹಣ್ಣು ಕೆಂಪಾಗುವವರೆಗೆ ಸಿಗುವ ನಾಲ್ಕೈದು ವಾರಗಳೇ ತೋಟದವರ ಪಾಲಿಗೆ ವರ್ಷದ ಅತ್ಯುತ್ತಮ ಬಿಡುವು, ಬಂಡೆಯ ಲೆಕ್ಕದಲ್ಲೂ ಅಷ್ಟೇ. ಆಗ ಎದುರಿಗಿರುವುದು ಮುಖ್ಯವಾಗಿ ಮೂರು ದಾರಿ: ಗ್ರೀಸಿನ ಲಿಯೊನಿಡಿಯೊ, ಅದೇ ತೀರದಲ್ಲಿ ದಕ್ಷಿಣಕ್ಕಿರುವ ಕಿಪಾರಿಸ್ಸಿ, ವಿಯೆಟ್ನಾಮಿನ ಹೂ ಲುಂಗ್.

ಗ್ರೀಸಿನದೇ ಹೆಸರುವಾಸಿ ದ್ವೀಪ ಕಾಲಿಮ್ನೋಸ್ ಏಕಿಲ್ಲ ಎಂದು ಕೇಳುವಿರಿ. ಸ್ಪಂಜು ತೆಗೆಯುವ ಮುಳುಗುಗಾರರ ಆ ದ್ವೀಪದಲ್ಲಿ ಈಗ ಮೂರು ಸಾವಿರಕ್ಕೂ ಹೆಚ್ಚು ಮಾರ್ಗಗಳಿವೆ, ಸುಣ್ಣದಕಲ್ಲು ಹತ್ತಲು ಅದರಷ್ಟು ಸಲೀಸಾದ ಜಾಗ ಮತ್ತೊಂದಿಲ್ಲ. ಆದರೆ ಅಕ್ಟೋಬರಿನಲ್ಲಿ ಅಲ್ಲಿಯ ಮಸೂರಿ ಹಳ್ಳಿಯ ಬೀದಿಯ ತುಂಬ ಹಗ್ಗ ಹೊತ್ತವರೇ. ಒಳ್ಳೆಯ ಮಾರ್ಗದ ಬುಡದಲ್ಲಿ ಸರದಿ. ನಿಶ್ಶಬ್ದದ ಹಳ್ಳಿ ಬೇಕೆಂದವರಿಗೆ ಅದು ಸಲ್ಲದು. ಥಾಯ್ಲೆಂಡಿನ ರೈಲೇ, ಟೋನ್‌ಸಾಯ್ ತೀರಗಳಿಗೂ ಇದೇ ಮಾತು.

ಲಿಯೊನಿಡಿಯೊ ನಾಲ್ಕು ಸಾವಿರಕ್ಕಿಂತ ಕಡಿಮೆ ಜನರ ಊರು, ಪೆಲೊಪೊನೀಸ್ ಪರ್ಯಾಯದ್ವೀಪದ ಪೂರ್ವ ತೀರದಲ್ಲಿದೆ. ಅಥೆನ್ಸಿನಿಂದ ರಸ್ತೆಯಲ್ಲಿ ಮೂರೂವರೆ ಗಂಟೆ. ಮನೆಗಳ ಹಿಂದೆಯೇ ಕೆಂಪು ಸುಣ್ಣದಕಲ್ಲಿನ ಗೋಡೆ ಎದ್ದಿದೆ. ಕಣಿವೆಯ ಎರಡೂ ಮಗ್ಗುಲಲ್ಲಿ ಮಾರ್ಗಗಳಿರುವುದರಿಂದ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಎಂದು ನೆರಳು ಹಿಡಿದು ಹತ್ತಬಹುದು. ಅಕ್ಟೋಬರ್ ಕೊನೆಯಲ್ಲೂ ಬಿಸಿಲು ಚುರುಕಾಗಿರುವ ಕಾರಣ ಈ ಅನುಕೂಲ ಸಣ್ಣದಲ್ಲ. ಫ್ರೆಂಚ್ ಅಳತೆಯಲ್ಲಿ 5ರಿಂದ 8ರವರೆಗೆ ಎಲ್ಲ ಗ್ರೇಡೂ ಇದೆ; ಅಂಕಿ, ಅಕ್ಷರ ಏರಿದಷ್ಟೂ ಕಷ್ಟ ಹೆಚ್ಚು. ಮೊದಲ ಸಲ ಹೋಗುವ, 6ಎ ಆಸುಪಾಸಿನಲ್ಲಿ ಲೀಡ್ ಮಾಡುವ ಇಬ್ಬರಿಗೆ ನಾನು ಕಣ್ಣುಮುಚ್ಚಿ ಹೇಳುವ ಊರು ಇದು. ನವೆಂಬರಿನಲ್ಲಿ ಅಲ್ಲಿ ಹತ್ತುವವರ ಉತ್ಸವ ನಡೆಯುತ್ತದೆ. ಜನ ಬೇಡವೆಂದರೆ ಆ ದಿನಗಳನ್ನು ತಪ್ಪಿಸಿ.

ಆ ಊರಿನಲ್ಲಿ ನಮಗೆ ಹತ್ತಿರವೆನಿಸುವ ಇನ್ನೊಂದು ಸಂಗತಿಯಿದೆ. ಅಲ್ಲಿಯ ಹಿರಿಯರ ಮಾತು ತ್ಸಾಕೋನಿಯನ್. ಉಳಿದ ಗ್ರೀಕ್ ಆಡುಮಾತುಗಳು ಹೆಚ್ಚುಕಡಿಮೆ ಎಲ್ಲವೂ ಹುಟ್ಟಿದ್ದು ಕೊಯ್ನೆಯಿಂದ, ಅಂದರೆ ಪ್ರಾಚೀನ ಕಾಲದಲ್ಲಿ ಎಲ್ಲೆಡೆ ಹರಡಿದ್ದ ಸಾಮಾನ್ಯ ಗ್ರೀಕಿನಿಂದ. ಇದೊಂದು ಮಾತ್ರ ಹಳೆಯ ಡೋರಿಕ್ ಕವಲಿನದು. ಆಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೊಡವ ತಕ್ಕಿನ ಅಥವಾ ಅರೆಭಾಷೆಯ ನಾಳೆಯ ಚಿಂತೆ ಇರುವ ಮನೆಗಳಿಂದ ಹೋದವರಿಗೆ ಬಿಡುವಿನ ದಿನ ಕಾಫಿ ಅಂಗಡಿಯಲ್ಲಿ ಮಾತು ಬೆಳೆಸಲು ಅಷ್ಟು ಸಾಕು. ಬದನೆಕಾಯಿಯೂ ಅಲ್ಲಿಯ ಹೆಮ್ಮೆ: ಉದ್ದನೆಯ, ನೇರಳೆ ಪಟ್ಟೆಯ, ತುಸು ಸಿಹಿಯಾದ ತಳಿ, ಊರ ಹೆಸರಿನಲ್ಲೇ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆ ಪಡೆದಿದೆ.

ಕಿಪಾರಿಸ್ಸಿ ಇನ್ನೂ ಚಿಕ್ಕದು, ಬೆಟ್ಟ ಮತ್ತು ಕಡಲ ನಡುವೆ ಸಿಕ್ಕಿಕೊಂಡ ಹಳ್ಳಿ. ನಿಶ್ಶಬ್ದಕ್ಕೆ ಅದೇ ಮೇಲು. ಆದರೆ ಬಾಡಿಗೆ ಕಾರಿಲ್ಲದೆ ಅಲ್ಲಿ ಕೈಕಾಲು ಆಡುವುದಿಲ್ಲ, ಮಾರ್ಗಗಳ ಸಂಖ್ಯೆ ಕಡಿಮೆ, ಋತು ಕಳೆಯುತ್ತಿದ್ದಂತೆ ಊಟದ ಅಂಗಡಿಗಳೂ ಒಂದೊಂದಾಗಿ ಬಾಗಿಲೆಳೆಯುತ್ತವೆ. ಲಿಯೊನಿಡಿಯೊ ನೋಡಿ ಬಂದವರ ಎರಡನೇ ಪ್ರವಾಸಕ್ಕೆ ಅದಿರಲಿ.

ಹೂ ಲುಂಗ್ ಬೇರೆಯೇ ಲೆಕ್ಕ. ಹನೋಯ್‌ನಿಂದ ಸುಮಾರು 100 ಕಿಲೋಮೀಟರ್, ಲಾಂಗ್ ಸೋನ್ ಪ್ರಾಂತ್ಯ. ಗದ್ದೆಯ ಬಯಲಿನಿಂದ ನೆಟ್ಟಗೆ ಎದ್ದ ಸುಣ್ಣದಕಲ್ಲಿನ ಗುಡ್ಡಗಳು, ಆ ಗುಡ್ಡಗಳ ಕಲ್ಲಿನ ಸಂದಿಯಲ್ಲೇ ಬೆಳೆದ ಸೀತಾಫಲದ ತೋಟಗಳು, ಉಳಿಯಲು ಹಳ್ಳಿಯವರ ಮನೆಗಳು. ಊಟಕ್ಕೆ ಅನ್ನ, ಹಂದಿ ಮಾಂಸ, ಸೊಪ್ಪು. ಕೊಡಗಿನ ಹೊಟ್ಟೆಗೆ ಪರದೇಶ ಎನಿಸುವುದೇ ಇಲ್ಲ. ಖರ್ಚು ಗ್ರೀಸಿಗಿಂತ ಬಹಳ ಕಡಿಮೆ. ವೀಸಾ ಕೂಡ ಮನೆಯಲ್ಲೇ ಕೂತು ಅರ್ಜಿ ಹಾಕುವಂಥದ್ದು: 2023ರ ಆಗಸ್ಟ್‌ನಿಂದ ವಿಯೆಟ್ನಾಂ 90 ದಿನಗಳ ಇ-ವೀಸಾ ಕೊಡುತ್ತಿದೆ. ಹಾಗಾದರೆ ತೊಡಕೇನು? ಒಂದು, ಹವೆ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಉತ್ತರ ವಿಯೆಟ್ನಾಮಿನಲ್ಲಿ ಪ್ರವಾಹ, ಭೂಕುಸಿತ ತಂದದ್ದು 2018ರ ಆಗಸ್ಟ್ ನೆನಪಿರುವ ನಮಗೆ ಬೇಗ ಅರ್ಥವಾಗುತ್ತದೆ. ಅಕ್ಟೋಬರ್ ಮೊದಲರ್ಧ ಬೇಡ; ನವೆಂಬರ್ ಮೊದಲೆರಡು ವಾರ ಹಿಡಿದರೆ ಬಂಡೆ ಒಣಗಿರುತ್ತದೆ. ಎರಡು, ಬೈಕ್. ಅಲ್ಲಿ ಎಲ್ಲರೂ ಬಾಡಿಗೆ ಬೈಕಿನಲ್ಲೇ ಬಂಡೆಯಿಂದ ಬಂಡೆಗೆ ಹೋಗುತ್ತಾರೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಿದ್ದರೆ ವಿಮೆ ಕೈಕೊಡುತ್ತದೆ. ಉಳಿಯುವ ಮನೆಯವರನ್ನೇ ವಾಹನಕ್ಕೆ ಕೇಳಿ. ಯಾವ ಗುಡ್ಡ ಹತ್ತಬಹುದು, ಯಾರ ತೋಟ ದಾಟಬೇಕು ಎಂಬುದನ್ನೂ ಅವರ ಮೂಲಕವೇ ಕೇಳಿಕೊಳ್ಳಿ. ನಮ್ಮ ತೋಟಕ್ಕೆ ಹೇಳದೆ ಕೇಳದೆ ನುಗ್ಗುವ ಪ್ರವಾಸಿಗಳ ಬಗ್ಗೆ ನಾವೇನು ಹೇಳುತ್ತೇವೆ ಎಂಬುದು ನೆನಪಿದ್ದರೆ ಸಾಕು.

ಲಾವೋಸಿನ ಥಾಖೇಕ್ ಬಗ್ಗೆಯೂ ವಿಚಾರಿಸುವವರಿದ್ದಾರೆ. ಮುಂಚಾಚಿದ ಗುಹೆಗಳಲ್ಲಿ ದೊಡ್ಡ ದೊಡ್ಡ ಹಿಡಿತಗಳು, ಹೊಸಬರೂ ತಲೆಕೆಳಗಾಗಿ ನೇತಾಡಿ ಹತ್ತಬಹುದಾದ ಅಪರೂಪದ ಜಾಗ. ಆದರೆ ಅದು ಹಳ್ಳಿಯಲ್ಲ, ಬಂಡೆಯಡಿಯ ಶಿಬಿರ. ಜೊತೆಗೆ ಹದವಾದ ಕಾಲ ಡಿಸೆಂಬರ್, ಜನವರಿ, ಫೆಬ್ರವರಿ. ತೋಟವಿಲ್ಲದ, ಸಂಬಳದ ಕೆಲಸದಲ್ಲಿರುವ ಗೆಳೆಯರಿಗೆ ಅದನ್ನು ಬಿಟ್ಟುಕೊಡೋಣ.

ಏಪ್ರಿಲ್

ರೋಬಸ್ಟಾ ಮುಗಿದು ಮೆಣಸು ಮಾರಿ ಕೈಯಲ್ಲಿ ಕಾಸಿರುವ ತಿಂಗಳು. ಆದರೆ ಮದುವೆಗಳೂ ಆಗಲೇ, 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿಯೂ ಆಗಲೇ. ಒಕ್ಕದ ತಂಡದಲ್ಲಿ ಆಡುವವರು ಮುಂದಿನ ಸಾಲು ಓದಬೇಕಿಲ್ಲ.

ಉಳಿದವರಿಗೆ ಟರ್ಕಿಯ ಗೇಯಿಕ್‌ಬಾಯರಿ ಮತ್ತು ಸ್ಪೇನಿನ ಚುಲಿಯಾ. ಇವೆರಡರ ನಡುವಿನ ಆಯ್ಕೆ ಗ್ರೇಡಿನದು. ಗೇಯಿಕ್‌ಬಾಯರಿ ಅಂತಾಲ್ಯದಿಂದ ಸುಮಾರು 25 ಕಿಲೋಮೀಟರ್ ದೂರದ ಬೆಟ್ಟದ ಹಳ್ಳಿ. ದಾಳಿಂಬೆ, ಕಿತ್ತಳೆ ತೋಟಗಳ ನಡುವೆ ಹತ್ತುವವರಿಗೆಂದೇ ಇರುವ ಮರದ ಮನೆಗಳು, ಅಲ್ಲಿಂದ ನಡೆದೇ ಬಂಡೆಗೆ. ಸುಲಭ ಮಾರ್ಗಗಳು ಧಾರಾಳ, ಟೂಫಾಗಳೂ ಸಾಕಷ್ಟು. ಕಾರು ಬೇಕಿಲ್ಲ. ಸಸ್ಯಾಹಾರಿಗಳಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಿತವಾದ ಊರು ಇದೇ: ಬೇಳೆಯ ಸಾರು, ಮೊಸರು, ಬದನೆ, ರೊಟ್ಟಿ ಎಲ್ಲೆಡೆ ಸಿಗುತ್ತವೆ. ಮೇ ಬಂದರೆ ಸೆಕೆ.

ಚುಲಿಯಾ ವೆಲೆನ್ಸಿಯಾ ನಗರದಿಂದ ಸುಮಾರು 60 ಕಿಲೋಮೀಟರ್. ಕೋಟೆಯ ಬೆಟ್ಟದ ಬುಡದಲ್ಲಿ ಸುಣ್ಣ ಬಳಿದ ಮನೆಗಳು, ಕೆಳಗೆ ತೂರಿಯಾ ನದಿ ಕೊರೆದ ಕಂದರ. ಅಲ್ಲಿಯ ಮಾರ್ಗಗಳು ಉದ್ದ. 35, 40 ಮೀಟರ್ ಸಾಮಾನ್ಯ. ಸಣ್ಣ ಅಂಚುಗಳನ್ನು ಹಿಡಿದು, ವಿಶ್ರಾಂತಿ ಹುಡುಕುತ್ತಾ, ಮುಂಗೈ ಕಲ್ಲಾಗುವವರೆಗೆ ಹೋಗುತ್ತಲೇ ಇರಬೇಕು. 6ಸಿ ಲೀಡ್ ಮಾಡುವವರಿಗೆ ಹಬ್ಬ, 5ರಲ್ಲಿರುವವರಿಗೆ ಮೂರು ದಿನದಲ್ಲಿ ಬೇಸರ. ಈಸ್ಟರ್ ವಾರದಲ್ಲಿ ಸ್ಪೇನಿನವರೆಲ್ಲ ರಜೆ ಹಾಕಿ ಬರುವುದರಿಂದ ಆ ವಾರ ಖಂಡಿತ ಬೇಡ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಮುಚ್ಚಿರುತ್ತದೆ, ಸಾಮಾನು ಬೆಳಿಗ್ಗೆಯೇ ತಂದಿಟ್ಟುಕೊಳ್ಳಿ. ಪಂದಿಕರಿಯವರಿಗೆ ಊಟದ ಚಿಂತೆಯಿಲ್ಲ. ಸಸ್ಯಾಹಾರಿಗಳು ಆಲೂಗೆಡ್ಡೆಯಲ್ಲೇ ದಿನ ತಳ್ಳಬೇಕಾಗಬಹುದು.

ಕಕ್ಕಡದ ಮಳೆಯಲ್ಲಿ

ಜೂನ್‌ನಿಂದ ಆಗಸ್ಟ್‌ವರೆಗೆ ಹೋಂಸ್ಟೇ ನಡೆಸುವವರಿಗೆ ಅತಿಥಿಗಳಿಲ್ಲ, ತೋಟದಲ್ಲೂ ಮಳೆ ಬಿಟ್ಟಷ್ಟೇ ಕೆಲಸ. ಆಗ ಬಿಡುವಿರುವವರಿಗೆ ಈ ಪಟ್ಟಿಯಲ್ಲಿ ಉಳಿಯುವುದು ಒಂದೇ: ಸ್ಪೇನಿನ ಉತ್ತರದ ರೊಡೆಯಾರ್. ಗ್ವಾರಾ ಬೆಟ್ಟಸಾಲಿನಲ್ಲಿ ರಸ್ತೆ ಮುಗಿಯುವಲ್ಲಿರುವ ಪುಟ್ಟ ಹಳ್ಳಿ. ಮಾಸ್ಕುನ್ ಹೊಳೆಯ ಕಂದರಕ್ಕೆ ಇಳಿದರೆ ಬೇಸಿಗೆಯಲ್ಲೂ ನೆರಳಿರುವ ಗುಹೆಗೋಡೆಗಳು, ದಪ್ಪ ಟೂಫಾಗಳು, ಸುಸ್ತಾದರೆ ಮುಳುಗಲು ತಣ್ಣನೆಯ ನೀರು, ತಲೆಯ ಮೇಲೆ ರಣಹದ್ದುಗಳು. ಎಲ್ಲ ಚೆಂದ. ಆದರೆ ಗೋಡೆಗಳೆಲ್ಲ ಮುಂಚಾಚಿದವು, ನಿಜವಾದ ಸಂಪತ್ತು 7ಎ ಮೇಲಿನದು. ಅಷ್ಟು ಬಲವಿಲ್ಲದವರು ಹಣ ಕೊಟ್ಟು ಹೋಗಿ ಬೇರೆಯವರು ಹತ್ತುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಅಂಥವರು ಆ ಮಳೆಗಾಲವನ್ನು ಬೆಂಗಳೂರಿನ ಒಳಾಂಗಣ ಗೋಡೆಗಳಲ್ಲಿ ಮೈ ಗಟ್ಟಿ ಮಾಡಿಕೊಳ್ಳಲು ಬಳಸಿ ಅಕ್ಟೋಬರಿಗೆ ಕಾಯುವುದು ಒಳ್ಳೆಯದು.

ಹಗ್ಗ, ಕಾಗದಪತ್ರ

ಹಗ್ಗದ ಉದ್ದ ಊರಿನ ಜೊತೆ ಬದಲಾಗುತ್ತದೆ. ಗೇಯಿಕ್‌ಬಾಯರಿ, ಹೂ ಲುಂಗ್‌ಗೆ 70 ಮೀಟರ್ ನಡೆಯುತ್ತದೆ. ಲಿಯೊನಿಡಿಯೊ, ರೊಡೆಯಾರ್‌ಗೆ 80 ಇದ್ದರೆ ನಿಶ್ಚಿಂತೆ. ಚುಲಿಯಾಕ್ಕೆ 80 ಕಡ್ಡಾಯ, ಕ್ವಿಕ್‌ಡ್ರಾ (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿ ಕೊಂಡಿ) ಇಪ್ಪತ್ತಕ್ಕಿಂತ ಕಡಿಮೆ ಒಯ್ಯಬೇಡಿ. ಎಲ್ಲಿಗೇ ಹೋಗಲಿ, ಬಿಲೇ ಮಾಡುವವನ, ಅಂದರೆ ಕೆಳಗೆ ನಿಂತು ಹಗ್ಗ ಹಿಡಿಯುವವನ ಕಡೆಯ ಹಗ್ಗದ ತುದಿಗೆ ಗಂಟು ಹಾಕಿಯೇ ಹತ್ತಿಸಿ. ಕೆಳಗಿಳಿಸುವಾಗ ಹಗ್ಗ ಸಾಲದೆ ತುದಿ ಸರ್ರನೆ ಬಿಲೇ ಸಾಧನದಿಂದ ಜಾರಿ ಹೋಗುವುದು ಈ ಕ್ರೀಡೆಯ ಹಳೆಯ ಅಪಘಾತ. ಆ ಒಂದು ಗಂಟು ಅದನ್ನು ತಡೆಯುತ್ತದೆ. ಸಮುದ್ರದ ಬದಿಯ ಬಂಡೆಗಳಲ್ಲಿ ಬೋಲ್ಟ್ ನೋಡಿ ಕೈಯಿಡಿ. ಉಪ್ಪಿನ ಗಾಳಿ ಸ್ಟೇನ್‌ಲೆಸ್ ಸ್ಟೀಲನ್ನೂ ಒಳಗೊಳಗೇ ಬಿರುಕುಬಿಡಿಸುತ್ತದೆ, ಥಾಯ್ಲೆಂಡಿನ ತೀರದಲ್ಲಿ ಟೈಟಾನಿಯಂ ಬೋಲ್ಟ್‌ಗಳನ್ನು ಅಂಟಿನಿಂದ ಕೂರಿಸಿದ್ದು ಅದಕ್ಕೇ.

ಗ್ರೀಸ್, ಸ್ಪೇನ್‌ಗೆ ಷೆಂಗೆನ್ ವೀಸಾ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಅಕ್ಟೋಬರಿನ ಪ್ರವಾಸಕ್ಕೆ ಜುಲೈ ದಾಟಿಸಬೇಡಿ, ಮಳೆಗಾಲದಲ್ಲಿ ಘಾಟಿ ರಸ್ತೆ ಮುಚ್ಚಿದರೆ ನಿಗದಿಯಾದ ದಿನವೇ ತಪ್ಪೀತು. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕೇಳುತ್ತಾರೆ. ಅಗ್ಗದ ಪಾಲಿಸಿಗಳಲ್ಲಿ ಬಂಡೆ ಹತ್ತುವುದನ್ನು ಹೊರಗಿಟ್ಟಿರುತ್ತಾರೆ, ಸಣ್ಣ ಅಕ್ಷರ ಓದಿ. ಕಾರು ಬಾಡಿಗೆ ಪಡೆಯುವವರು ಮಡಿಕೇರಿಯ ಆರ್‌ಟಿಒದಲ್ಲೇ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಬಹುದು, ಒಂದು ವರ್ಷ ನಡೆಯುತ್ತದೆ. ವಿರಾಜಪೇಟೆಯವರಿಗೆ ಮಾಕುಟ್ಟ ದಾರಿಯಲ್ಲಿ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವಾದರೂ ಅಲ್ಲಿಂದ ವಿದೇಶಕ್ಕೆಂದರೆ ಕೊಲ್ಲಿ ದೇಶಗಳಿಗೆ ಮಾತ್ರ ಹಾರಾಟ. ಮುಂದಿನ ವಿಮಾನ ಬೇರೆ ಟಿಕೆಟ್ಟಿನದಾದರೆ ಮೊದಲಿನದು ತಡವಾದಾಗ ಕೇಳುವವರಿರುವುದಿಲ್ಲ. ಹಗ್ಗ, ಸಾಮಾನಿನ ಭಾರವಿರುವಾಗ ಬೆಂಗಳೂರಿನಿಂದ ಒಂದೇ ಟಿಕೆಟ್ ಲೇಸು.

ಆ ಟಿಕೆಟ್ ಕೊಳ್ಳುವಾಗ ನಾಲ್ಕು ಕಾಸು ಹೆಚ್ಚಾದರೂ ಮರಳುವ ದಿನಾಂಕ ಬದಲಿಸಲು ಬರುವಂಥದ್ದನ್ನೇ ಕೊಳ್ಳಿ. ಅಕ್ಟೋಬರಿನಲ್ಲಿ ಬಿಸಿಲು ಜೋರಾದ ವರ್ಷ ಅರೇಬಿಕಾ ಅವಧಿಗೆ ಮುಂಚೆಯೇ ಹಣ್ಣಾಗುತ್ತದೆ, ಮೇಸ್ತ್ರಿಯ ಫೋನು ಬಂಡೆಯಡಿಗೇ ಬರುತ್ತದೆ.